ಘಟ್ಟದ ಗೂಡ್ಸ್ ಇಂಜಿನ್: ನೋಡಿದ ಕೂಡಲೇ ಯಾವುದು ಅಂತ ಹೇಳುವುದು ಹೇಗೆ?

ಬಾಳ್ಳುಪೇಟೆ_ಗೇಟ್
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಾಸನ–ಸಕಲೇಶಪುರ ಹಳಿಗೆ ತೀರಾ ಹತ್ತಿರ. ಮಗನಿಗೆ ಗೂಡ್ಸ್ ಗಾಡಿ ಹುಚ್ಚು ಹಿಡಿದಿದೆ. ಪ್ರತಿ ಗಾಡಿಗೂ "ಅಪ್ಪಾ, ಇದು ಯಾವ ಇಂಜಿನ್?" ಅಂತ ಕೇಳುತ್ತಾನೆ. "ಡೀಸೆಲ್" ಅಂದರೆ ಸಿಟ್ಟು ಬರುತ್ತದೆ. ಅಷ್ಟು ಅವನಿಗೂ ಗೊತ್ತು.

ಮೂರು ಫೋಟೋ ಹಾಕಿದ್ದೇನೆ. ಒಂದನೆಯದರಲ್ಲಿ ಎರಡು ಇಂಜಿನ್ ಜೋಡಿ ಇವೆ, ನಂಬರ್ 12ರಿಂದ ಶುರು, ಪಕ್ಕದಲ್ಲಿ ಯುಬಿಎಲ್ ಅಂತ ಬರೆದಿದೆ. ಎರಡನೆಯದು ಹಳೇದು ಇರಬೇಕು, ಕಪ್ಪು ಹೊಗೆ ಜೋರಾಗಿದೆ. ನಂಬರ್ 14ರಿಂದ ಶುರುವಾಗುತ್ತದೆ, ಉಳಿದದ್ದು ಎಣ್ಣೆ ಮಣ್ಣಿನಲ್ಲಿ ಮುಚ್ಚಿಹೋಗಿದೆ. ಮೂರನೆಯದಕ್ಕೆ ಎರಡೂ ತುದಿಯಲ್ಲಿ ಡ್ರೈವರ್ ಕ್ಯಾಬಿನ್ ಇದೆ, ನಂಬರ್ 70 ಏನೋ.

ಡಬ್ಲ್ಯುಡಿಜಿ, ಡಬ್ಲ್ಯುಡಿಎಂ, 3ಎ, 4ಡಿ ಅಂತೆಲ್ಲ ಓದಿದೆ. ತಲೆ ಕೆಟ್ಟುಹೋಯಿತು. ಯಾರಾದರೂ ಬಿಡಿಸಿ ಹೇಳ್ತೀರಾ?

ಅರಸೀಕೆರೆ_ಜಂಕ್ಷನ್
ಒಳ್ಳೇ ಹುಚ್ಚು ಬಿಡಿ ಅಣ್ಣ, ಇದಕ್ಕೆ ಔಷಧಿ ಇಲ್ಲ.

ಮೊದಲು ಅಕ್ಷರ. ಒಂದನೇ ಅಕ್ಷರ ಹಳಿಯ ಅಗಲ ಹೇಳುತ್ತದೆ. ಡಬ್ಲ್ಯು ಅಂದರೆ ಬ್ರಾಡ್ ಗೇಜ್, ವೈ ಅಂದರೆ ಮೀಟರ್ ಗೇಜ್, ಝಡ್ ಮತ್ತು ಎನ್ ಅಂದರೆ ನ್ಯಾರೋ ಗೇಜ್. ಎರಡನೆಯದು ಯಾವುದರಿಂದ ಓಡುತ್ತದೆ ಅನ್ನುವುದು. ಡಿ ಅಂದರೆ ಡೀಸೆಲ್, ಎ ಅಂದರೆ ಎಸಿ ಕರೆಂಟ್. ಮೂರನೆಯದು ಕೆಲಸ. ಜಿ ಗೂಡ್ಸಿಗೆ, ಪಿ ಪ್ಯಾಸೆಂಜರಿಗೆ, ಎಂ ಎರಡಕ್ಕೂ, ಎಸ್ ಶಂಟಿಂಗಿಗೆ. ಹಾಗಾಗಿ ಡಬ್ಲ್ಯುಡಿಜಿ ಅಂದರೆ ಬ್ರಾಡ್ ಗೇಜಿನ ಡೀಸೆಲ್ ಗೂಡ್ಸ್ ಇಂಜಿನ್.

ಆಮೇಲೆ ಬರುವ ಅಂಕಿ ಈಗಿನ ಪದ್ಧತಿಯಲ್ಲಿ ಸಾವಿರ ಲೆಕ್ಕದ ಹಾರ್ಸ್ ಪವರ್. ಆ ಅಂಕಿ ಆದ ಮೇಲೆ ಬರುವ ಅಕ್ಷರ ನೂರರ ಲೆಕ್ಕ. 3ಎ ಅಂದರೆ 3100.

ನಿಮ್ಮ ಒಂದನೇ ಫೋಟೋ ಡಬ್ಲ್ಯುಡಿಜಿ-4, ಹುಬ್ಬಳ್ಳಿ ಶೆಡ್ಡಿನದು. ಮೂರನೆಯದು ಡಬ್ಲ್ಯುಡಿಜಿ-4ಡಿ. ಎರಡನೆಯದನ್ನು ದೊಡ್ಡ ಸೈಜಲ್ಲಿ ಹಾಕಿ, ನೋಡೋಣ.

ಕಡೂರು_ಲೂಪ್‌ಲೈನ್
ಜಂಕ್ಷನ್ ಅಣ್ಣ, ಎ ಅಂದರೆ ನೂರು, ಬಿ ಅಂದರೆ ಇನ್ನೂರು ಅಂತಾದರೆ ಡಬ್ಲ್ಯುಡಿಎಂ-3ಡಿ 3400 ಆಗಬೇಕಲ್ವಾ? ನಾನು ಓದಿದ ಕಡೆಯೆಲ್ಲ 3300 ಅಂತಿದೆ. 4ಡಿ ಅಂದರೆ 4400 ಆಗಬೇಕು, ಅದು 4500 ಅಂತಾರೆ. ಈ ರೂಲ್ ಮಾಡಿದವರಿಗೇ ರೂಲ್ ಗೊತ್ತಿರಲಿಲ್ವಾ?

ಎಂಟನೇ_ನಾಚ್
ಲೂಪ್‌ಲೈನ್ ಮರಿ ಸರಿಯಾಗಿ ಹಿಡಿದಿದ್ದಾನೆ.

ಆ ರೂಲ್ 2002ರ ಸುಮಾರಿಗೆ ಬಂದದ್ದು. ಅಷ್ಟು ಹೊತ್ತಿಗೆ ಸಾವಿರಾರು ಇಂಜಿನ್ ಹಳೇ ಹೆಸರಲ್ಲೇ ಓಡುತ್ತಿದ್ದವು. ಡಬ್ಲ್ಯುಡಿಎಂ-2ರಲ್ಲಿ 2 ಅಂದರೆ ಎರಡನೇ ಮಾದರಿ, ಅಷ್ಟೇ. ಅದರ ಶಕ್ತಿ 2600. ಅದಕ್ಕಿಂತ ಮುಂಚೆ 1957ರಿಂದ ಬಂದ ಡಬ್ಲ್ಯುಡಿಎಂ-1 ಇತ್ತು, 1950 ಹಾರ್ಸ್ ಪವರ್. 1962ರಲ್ಲಿ ಅಮೆರಿಕದ ಆಲ್ಕೋದಿಂದ ಡಬ್ಲ್ಯುಡಿಎಂ-2 ಬಂತು. ಅದೇ ಹೊತ್ತಿಗೆ ಜನರಲ್ ಮೋಟಾರ್ಸ್‌ನಿಂದ ತಂದದ್ದಕ್ಕೆ ಡಬ್ಲ್ಯುಡಿಎಂ-4 ಅಂತ ಹೆಸರಿಟ್ಟರು. ಅದೂ 2600. ಹೆಸರಿನ ಅಂಕಿ ದೊಡ್ಡದು, ಶಕ್ತಿ ಒಂದೇ. ಆಲ್ಕೋದವರು ಇಲ್ಲೇ ತಯಾರಿಸಲು ತಂತ್ರಜ್ಞಾನ ಕೊಡಲು ಒಪ್ಪಿದರು. ಹಾಗಾಗಿ 1964ರಿಂದ ವಾರಾಣಸಿಯ ಡಿಎಲ್‌ಡಬ್ಲ್ಯು ಕಾರ್ಖಾನೆಯಲ್ಲಿ ಡಬ್ಲ್ಯುಡಿಎಂ-2 ತಯಾರಾಗತೊಡಗಿತು. ನಮ್ಮ ದೇಶ ತುಂಬಾ ತುಂಬಿಕೊಂಡದ್ದು ಅದೇ. ಆ ಕಾರ್ಖಾನೆಗೆ 2020ರಿಂದ ಬನಾರಸ್ ಲೋಕೋಮೋಟಿವ್ ವರ್ಕ್ಸ್ ಅಂತ ಹೆಸರು.

ಹೊಸ ರೂಲ್ ಬಂದಾಗ ಕೆಲವಕ್ಕೆ ಹೆಸರು ಬದಲಾಯಿತು. ಡಬ್ಲ್ಯುಡಿಎಂ-2ಸಿ ಅನ್ನುತ್ತಿದ್ದದ್ದು ಡಬ್ಲ್ಯುಡಿಎಂ-3ಎ ಆಯಿತು. ಡಬ್ಲ್ಯುಡಿಜಿ-2 ಅನ್ನುತ್ತಿದ್ದದ್ದು ಡಬ್ಲ್ಯುಡಿಜಿ-3ಎ ಆಯಿತು. ಡಬ್ಲ್ಯುಡಿಎಂ-2ನ್ನು ಮಾತ್ರ ಮುಟ್ಟಲಿಲ್ಲ.

3ಎ ಲೆಕ್ಕಕ್ಕೆ ಸರಿ ಕೂರುತ್ತದೆ. 3ಡಿ ಕೂರುವುದಿಲ್ಲ. 4ಡಿಯಲ್ಲಿ ಡಿ ಅಂದರೆ ಎರಡು ಕ್ಯಾಬ್, ನೂರರ ಲೆಕ್ಕಕ್ಕೂ ಅದಕ್ಕೂ ಸಂಬಂಧವೇ ಇಲ್ಲ. 4ಜಿಯಲ್ಲಿ ಜಿ ಅಂದರೆ ಜಿಇ (ಜನರಲ್ ಎಲೆಕ್ಟ್ರಿಕ್) ಕಂಪನಿಯದು. ಹೆಸರು ನೋಡಿ ಶಕ್ತಿ ಹೇಳಲು ಹೊರಟರೆ ಅರ್ಧಕ್ಕರ್ಧ ಎಡವುತ್ತೀರಿ. ಗುರುತು ಹಿಡಿಯಲು ನಂಬರ್ ನೋಡಿ. ಹೆಸರು ಆಮೇಲೆ ತಾನಾಗಿ ಬರುತ್ತದೆ.

ಬಾಳ್ಳುಪೇಟೆ_ಗೇಟ್
ಸರ್, ನಂಬರ್ ನೋಡುವುದು ಅಂದರೆ? ಅಷ್ಟು ಉದ್ದದ ಪಟ್ಟಿ ಬಾಯಿಪಾಠ ಮಾಡಬೇಕಾ?

ಎಂಟನೇ_ನಾಚ್
ಬೇಡ. ಐದಂಕಿ ಇರುತ್ತದೆ. ಮೊದಲ ಎರಡು ಅಂಕಿ ಗೊತ್ತಾದರೆ ಮುಕ್ಕಾಲು ಕೆಲಸ ಆಯಿತು. ಘಟ್ಟದ ಕಡೆಗೆ ಇಷ್ಟು ಸಾಕು:

12 ಅಥವಾ 70 ಇದ್ದರೆ ಡಬ್ಲ್ಯುಡಿಜಿ-4 ಕುಟುಂಬ. ಒಂದು ಕ್ಯಾಬ್ ಇದ್ದರೆ ಬರೀ 4, ಎರಡಿದ್ದರೆ 4ಡಿ.
20 ಇದ್ದರೆ ಡಬ್ಲ್ಯುಡಿಪಿ-4. 40 ಇದ್ದರೆ ಡಬ್ಲ್ಯುಡಿಪಿ-4ಬಿ ಅಥವಾ 4ಡಿ.
13 ಇದ್ದರೆ ಡಬ್ಲ್ಯುಡಿಜಿ-3ಎ.
11 ಇದ್ದರೆ ಡಬ್ಲ್ಯುಡಿಎಂ-3ಡಿ.
16, 17, 18 ಇದ್ದರೆ ಹಳೇ ಡಬ್ಲ್ಯುಡಿಎಂ-2, ಇಲ್ಲಾ ಅದನ್ನೇ ರಿಪೇರಿ ಮಾಡಿ ಬಲ ಹೆಚ್ಚಿಸಿದ 3ಎ.
49 ಇದ್ದರೆ ಡಬ್ಲ್ಯುಡಿಜಿ-4ಜಿ, 69 ಇದ್ದರೆ 6ಜಿ. ಇವೆರಡೂ ಬಿಹಾರದ ಮಢೌರಾದಲ್ಲಿ ಆಗುವ ಜಿಇ ಇಂಜಿನ್, ಈಗ ಜಿಇಯ ರೈಲು ಇಂಜಿನ್ ವಿಭಾಗ ವ್ಯಾಬ್‌ಟೆಕ್ ಕೈಯಲ್ಲಿದೆ.

14 ಮಾತ್ರ ತಲೆನೋವು. 140, 141 ಅಂತ ಶುರುವಾದರೆ ಡಬ್ಲ್ಯುಡಿಎಂ-3ಎ. 145ರಿಂದ ಮೇಲೆ ಡಬ್ಲ್ಯುಡಿಜಿ-3ಎ. ನಿಮ್ಮ ಎರಡನೇ ಫೋಟೋದಲ್ಲಿ ಮೂರನೇ ಅಂಕಿಯೇ ಕಾಣುತ್ತಿಲ್ಲ ನೋಡಿ!

ಸುಮ್ನೆ_ಓದುವವ
ಇಂಜಿನ್ ಎಳೆದರೆ ಸಾಕು ಮಾರಾಯ. ಯಾವುದಾದರೆ ನಮಗೇನು?

ಕಡೂರು_ಲೂಪ್‌ಲೈನ್
ಹಾಗಾದರೆ ಇಲ್ಲಿ ಯಾಕೆ ಓದುತ್ತಿದ್ದೀರಿ 😄

ಕಾಫಿತೋಟದ_ಗೀಳು
ನಾನು ದೋಣಿಗಾಲ್ ಕಡೆಯವಳು. ನಮ್ಮ ತೋಟದಿಂದ ಹಳಿ ಕಾಣುವುದಿಲ್ಲ, ಮರ ಅಡ್ಡ. ಆದರೆ ಸದ್ದು ಚೆನ್ನಾಗಿ ಕೇಳುತ್ತದೆ. ನನಗೆ ಕಿವಿಯಲ್ಲೇ ಗೊತ್ತಾಗುತ್ತದೆ.

ಹಳೇ ಆಲ್ಕೋ ನಿಂತಲ್ಲೇ ಕುಂಟುತ್ತಾ ಉಸಿರಾಡುತ್ತದೆ. ಗುಡು ಗುಡು, ಒಂದು ಬಡಿತ ತಪ್ಪಿದ ಹಾಗೆ, ಮತ್ತೆ ಗುಡು ಗುಡು. ಎಳೆಯಲು ಶುರು ಮಾಡಿದರೆ ಮೊದಲು ಹೊಗೆ, ಆಮೇಲೆ ಇಂಜಿನ್ನಿಗೆ ಗಾಳಿ ತುಂಬುವ ಟರ್ಬೋದ ಸಿಳ್ಳೆ ಏರುತ್ತದೆ. ಡಬ್ಲ್ಯುಡಿಜಿ-4 ಹಾಗಲ್ಲ. ಒಂದೇ ಸಮನೆ ಮೊರೆಯುತ್ತದೆ. ಎದೆಯಲ್ಲಿ ನಡುಗಿದ ಹಾಗೆ ಆಗುತ್ತದೆ, ಕಿವಿಗೆ ಅಷ್ಟು ಹೊಡೆಯುವುದಿಲ್ಲ. ರಾತ್ರಿ ಮಳೆ ನಿಂತ ಮೇಲೆ ಗಾಡಿ ಸುರಂಗದೊಳಗೆ ಹೋದರೆ ಸದ್ದು ಪಕ್ಕನೆ ಕತ್ತರಿಸಿಬಿಡುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆಯಿಂದ ಎದ್ದು ಬರುತ್ತದೆ. ಆಗ ಮುಂದಿನ ಇಂಜಿನ್ ಸದ್ದು ಯಾವುದು, ಹಿಂದಿನಿಂದ ತಳ್ಳುವ ಇಂಜಿನ್ ಸದ್ದು ಯಾವುದು ಅಂತ ಬೇರೆ ಬೇರೆ ಕೇಳುತ್ತದೆ.

ಒಂದು ಅನುಮಾನ. ಗಾಡಿ ಸುಬ್ರಹ್ಮಣ್ಯದ ಕಡೆ ಇಳಿಯುವಾಗಲೂ ಇಂಜಿನ್ ಜೋರಾಗಿ ಕೂಗುತ್ತದೆ. ಇಳಿಜಾರಿನಲ್ಲಿ ಎಳೆಯುವುದೇನಿದೆ?

ಎಂಟನೇ_ನಾಚ್
ಗೀಳು ಅಕ್ಕ ಕಿವಿ ಇಟ್ಟುಕೊಂಡಿದ್ದಾರೆ ಅಂದರೆ ಹೀಗಿರಬೇಕು.

ಇಳಿಯುವಾಗ ಕೇಳುವುದು ಡೈನಮಿಕ್ ಬ್ರೇಕ್. ಇಂಜಿನ್ನಿನ ಚಕ್ರಕ್ಕೆ ಮೋಟಾರ್ ಇರುತ್ತದಲ್ಲ, ಅದನ್ನು ಇಳಿಜಾರಿನಲ್ಲಿ ಜನರೇಟರ್ ಥರ ತಿರುಗಿಸುತ್ತೇವೆ. ಚಕ್ರವೇ ಮೋಟಾರನ್ನು ತಿರುಗಿಸಬೇಕು, ಅದರಲ್ಲಿ ಗಾಡಿಯ ವೇಗ ಸವೆಯುತ್ತದೆ. ಹುಟ್ಟಿದ ಕರೆಂಟನ್ನು ರೆಸಿಸ್ಟರ್ ಗ್ರಿಡ್ಡಿಗೆ ಕೊಟ್ಟು ಬಿಸಿ ಮಾಡಿ ಹೊರಗೆ ಬಿಡುತ್ತದೆ. ಆ ಗ್ರಿಡ್ ತಣ್ಣಗಿರಲು ದೊಡ್ಡ ಫ್ಯಾನ್ ಬೀಸುತ್ತದೆ. ನೀವು ಕೇಳುವ ಕೂಗು ಆ ಫ್ಯಾನಿನದು. ಬರೀ ಚಕ್ರಕ್ಕೆ ಒತ್ತುವ ಬ್ರೇಕನ್ನೇ ನಂಬಿ ಐವತ್ತೈದು ಕಿಲೋಮೀಟರ್ ಇಳಿದರೆ ಬ್ರೇಕ್ ಕಟ್ಟೆ ಕೆಂಡ ಆಗಿಬಿಡುತ್ತದೆ.

ಸದ್ದಿನ ವ್ಯತ್ಯಾಸಕ್ಕೂ ಕಾರಣ ಇದೆ. ಆಲ್ಕೋದ 251 ಇಂಜಿನ್ ನಾಲ್ಕು ಸ್ಟ್ರೋಕಿನದು, ಹದಿನಾರು ಸಿಲಿಂಡರ್. ಅದರ ಟರ್ಬೋ ಓಡುವುದು ಹೊಗೆಯ ಬಲದಿಂದ ಮಾತ್ರ. ನಾಚ್ (ಇಂಜಿನ್ನಿನ ಬಲ ಹೆಚ್ಚು ಕಡಿಮೆ ಮಾಡುವ ಹಿಡಿಯ ಮೆಟ್ಟಿಲು) ಏರಿಸಿದ ಕೂಡಲೇ ಡೀಸೆಲ್ ಜಾಸ್ತಿ ಬೀಳುತ್ತದೆ, ಗಾಳಿ ತಡವಾಗಿ ಬರುತ್ತದೆ. ಪೂರ್ತಿ ಉರಿಯದ ಡೀಸೆಲ್ ಕಪ್ಪು ಹೊಗೆ. ಡಬ್ಲ್ಯುಡಿಜಿ-4ರಲ್ಲಿರುವ ಇಎಂಡಿ ಕಂಪನಿಯ 710 ಇಂಜಿನ್ ಎರಡು ಸ್ಟ್ರೋಕಿನದು. ಅದರ ಟರ್ಬೋಗೆ ಇಂಜಿನ್ನಿನಿಂದಲೇ ಗೇರ್ ಕೊಟ್ಟಿದ್ದಾರೆ. ಕಡಿಮೆ ವೇಗದಲ್ಲಿ ಗೇರ್ ತಿರುಗಿಸುತ್ತದೆ, ಹೊಗೆಯ ಬಲ ಸಾಕಾದ ಮೇಲೆ ಕ್ಲಚ್ ಬಿಟ್ಟುಕೊಂಡು ಸ್ವಂತವಾಗಿ ತಿರುಗುತ್ತದೆ. ಅದಕ್ಕೇ ಹೊಗೆ ಕಡಿಮೆ. 710 ಅಂದರೆ ಒಂದೊಂದು ಸಿಲಿಂಡರಿನ ಅಳತೆ, ಘನ ಇಂಚಿನಲ್ಲಿ. ಅಂಥವು ಹದಿನಾರು.

ಅರಸೀಕೆರೆ_ಜಂಕ್ಷನ್
ಸಾರ್ ಇದನ್ನು ಇಷ್ಟು ಸಲೀಸಾಗಿ ಹೇಳಿದ್ದನ್ನು ಇನ್ನೆಲ್ಲೂ ಓದಿಲ್ಲ.

ಗೇಟ್ ಅಣ್ಣ, ಬಣ್ಣ ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ಒಂದೊಂದು ಶೆಡ್ಡಿನದು ಒಂದೊಂದು ಬಣ್ಣ. ಒಂದೇ ಮಾದರಿಯ ಎರಡು ಇಂಜಿನ್ ಪಕ್ಕ ಪಕ್ಕ ಬೇರೆ ಬಣ್ಣದಲ್ಲಿ ಬರುತ್ತವೆ. ಶೆಡ್ಡಿನ ಅಕ್ಷರವನ್ನೂ ಹಾಗೇ. ಯುಬಿಎಲ್ ಅಂದರೆ ಹುಬ್ಬಳ್ಳಿ, ಕೆಜೆಎಂ ಅಂದರೆ ಕೃಷ್ಣರಾಜಪುರಂ, ಜಿವೈ ಅಂದರೆ ಗುತ್ತಿ. ಅದು ಇಂಜಿನ್ನಿಗೆ ಎಲ್ಲಿ ಮನೆ ಅಂತ ಹೇಳುತ್ತದೆ, ಯಾವ ಮಾದರಿ ಅಂತ ಹೇಳುವುದಿಲ್ಲ. ಅಂದ ಹಾಗೆ ಡಬ್ಲ್ಯುಡಿಜಿ-4 ಮೊದಲು ಬಂದು ಇಳಿದದ್ದೇ ಹುಬ್ಬಳ್ಳಿಗೆ. ಮೊದಲ ಒಂದಷ್ಟು ಅಮೆರಿಕದಿಂದ ಬಂದವು, 2002ರಿಂದ ವಾರಾಣಸಿಯಲ್ಲಿ ತಯಾರಾದವು. ನಮ್ಮ ಕಡೆಯವರಿಗೆ ಆ ಇಂಜಿನ್ ಮೇಲೆ ಸ್ವಲ್ಪ ಜಾಸ್ತಿ ಅಭಿಮಾನ ಇದ್ದರೆ ತಪ್ಪೇನಿಲ್ಲ.

ಮಲ್ನಾಡ್_ಮೀಟರ್‌ಗೇಜ್
ಹೊಸಬರು ಎಲ್ಲಾ ಬ್ರಾಡ್ ಗೇಜ್ ಮಾತಾಡುತ್ತಿದ್ದೀರಿ. ಹಾಸನ–ಮಂಗಳೂರು ಹಳಿ 1979ರಲ್ಲಿ ತೆರೆದದ್ದು ಮೀಟರ್ ಗೇಜಿನಲ್ಲಿ. ಆಗ ಅಲ್ಲಿ ಡೀಸೆಲ್ ಅಂದರೆ ವೈಡಿಎಂ-4. ಅದೂ ಆಲ್ಕೋನೇ, ಆದರೆ ಆರು ಸಿಲಿಂಡರ್, 1400 ಹಾರ್ಸ್ ಪವರ್, ಸುಮಾರು 72 ಟನ್ ತೂಕ. ದೊಡ್ಡದರ ತಮ್ಮ ಅನ್ನಿ. 1996ರಲ್ಲಿ ಹಳಿ ಅಗಲ ಮಾಡಲು ಅಂತ ನಿಲ್ಲಿಸಿದರು. ಗೂಡ್ಸ್ ಮತ್ತೆ ಓಡಿದ್ದು 2006ರ ಹೊತ್ತಿಗೆ, ಪ್ಯಾಸೆಂಜರ್ ಗಾಡಿ 2007ರ ಡಿಸೆಂಬರಿನಲ್ಲಿ. ಹತ್ತು ವರ್ಷಕ್ಕೂ ಮೇಲೆ ಘಟ್ಟದ ಜನ ಬಸ್ಸಿನಲ್ಲಿ ಶಿರಾಡಿ ಸುತ್ತಿದರು. ಈಗಿನವರಿಗೆ ಅದು ಗೊತ್ತಿಲ್ಲ.

ಇಲ್ಲಿ ವೈ ಅಕ್ಷರದ ಇಂಜಿನ್ ಇನ್ನು ಕಾಣುವುದಿಲ್ಲ. ಊಟಿ ಗಾಡಿ ಕಡೆ ಹೋದರೆ ವೈಡಿಎಂ-4 ನೋಡಬಹುದು.

ಕಡೂರು_ಲೂಪ್‌ಲೈನ್
ನಮ್ಮ ಕಡೂರು–ಚಿಕ್ಕಮಗಳೂರು ಹಳಿ ಶುರುವಾದದ್ದೇ 2013ರಲ್ಲಿ. ಮೀಟರ್ ಗೇಜ್ ಕಥೆ ಎಲ್ಲಾ ನಮಗೆ ಪುರಾಣ ಅಂಕಲ್.

ನನ್ನ ಪ್ರಶ್ನೆ ಬೇರೆ. ಡಬ್ಲ್ಯುಡಿಜಿ-4ಕ್ಕೂ ಡಬ್ಲ್ಯುಡಿಪಿ-4ಕ್ಕೂ ನೋಡಲು ಏನು ವ್ಯತ್ಯಾಸ? ಎರಡಕ್ಕೂ ಒಂದೇ ಮೂತಿ. ಹಾಸನದಲ್ಲಿ ಪ್ಯಾಸೆಂಜರ್ ಗಾಡಿಗೆ ಜಿ ಹಾಕಿದ್ದೂ ನೋಡಿದ್ದೇನೆ.

ಅರಸೀಕೆರೆ_ಜಂಕ್ಷನ್
ಜಿ ಅಥವಾ ಪಿ ಅನ್ನುವುದು ಯಾವುದಕ್ಕೆ ಅಂತ ಮಾಡಿದರು ಅನ್ನುವುದು ಮಾತ್ರ. ಇವತ್ತು ಏನು ಎಳೆಯುತ್ತಿದೆ ಅನ್ನುವುದು ಕಂಟ್ರೋಲ್ ರೂಮಿಗೆ ಬಿಟ್ಟದ್ದು. ಯಾವುದು ಕೈಗೆ ಸಿಗುತ್ತದೋ ಅದನ್ನು ಹಾಕುತ್ತಾರೆ.

ಮೂತಿ ಒಂದೇ, ನಿಜ. ಕೆಳಗಡೆ ಬೇರೆ. ಡಬ್ಲ್ಯುಡಿಜಿ-4ರಲ್ಲಿ ಆರು ಅಚ್ಚಿಗೂ ಆರು ಮೋಟಾರ್. ಮೊದಲ ಡಬ್ಲ್ಯುಡಿಪಿ-4ರಲ್ಲಿ ಆರು ಅಚ್ಚು ಇದ್ದರೂ ನಾಲ್ಕಕ್ಕೆ ಮಾತ್ರ ಮೋಟಾರ್. ವೇಗದ ಗಾಡಿಗೆ ಅಂತ ಹಾಗೆ ಮಾಡಿದ್ದರು. ಏರುವ ಜಾಗದಲ್ಲಿ ಅದು ಜಾರುತ್ತದೆ ಅಂತ ಆಮೇಲೆ 4ಬಿ ಬಂತು, ಅದರಲ್ಲಿ ಆರಕ್ಕೂ ಮೋಟಾರ್, 4500 ಹಾರ್ಸ್ ಪವರ್. 4ಡಿ ಅಂದರೆ ಅದಕ್ಕೇ ಎರಡನೇ ಕ್ಯಾಬ್ ಸೇರಿಸಿದ್ದು. ಜಿ ಮತ್ತು ಪಿಗೆ ಗೇರ್ ಅನುಪಾತವೂ ಬೇರೆ. ಜಿ ಎಳೆತಕ್ಕೆ, ಪಿ ಓಟಕ್ಕೆ. ಹೊರಗಿನಿಂದ ಅದು ಕಾಣುವುದಿಲ್ಲ. ಹಾಗಾಗಿ ನಾಚ್ ಸರ್ ಹೇಳಿದ್ದೇ ಸರಿ, ನಂಬರ್ ನೋಡಿ.

ಕಾಫಿತೋಟದ_ಗೀಳು
ಎರಡು ಕ್ಯಾಬ್ ಯಾಕೆ ಬೇಕಾಯಿತು? ಒಂದರಲ್ಲೇ ಇಷ್ಟು ವರ್ಷ ಓಡಿಸಿದರಲ್ಲ.

ಎಂಟನೇ_ನಾಚ್
ಓಡಿಸಿದೆವು. ಕಷ್ಟಪಟ್ಟು ಓಡಿಸಿದೆವು.

ಒಂದೇ ಕ್ಯಾಬಿನ ಇಂಜಿನ್ನಿಗೆ ಒಂದು ಕಡೆ ಗಿಡ್ಡ ಮೂತಿ, ಇನ್ನೊಂದು ಕಡೆ ಉದ್ದ ಮೂತಿ. ಗಿಡ್ಡ ಮೂತಿ ಮುಂದಿದ್ದರೆ ಹಳಿ ಚೆನ್ನಾಗಿ ಕಾಣುತ್ತದೆ. ಉದ್ದ ಮೂತಿ ಮುಂದಿದ್ದರೆ ಇಂಜಿನ್ನಿನ ಅಷ್ಟೂ ಉದ್ದ ನಮ್ಮ ಕಣ್ಣಿನ ಮುಂದೆ ಗೋಡೆ. ಎಡಕ್ಕೆ ತಿರುವು ಬಂದರೆ ಬಲಗಡೆ ಕೂತವನಿಗೆ ಏನೂ ಕಾಣದು. ಅಸಿಸ್ಟೆಂಟ್ ಕೂಗಿ ಹೇಳಬೇಕು. ಸಿಗ್ನಲ್ ಕಂಡಿತಾ? ಕಂಡಿತು, ಹಸಿರು. ಹೀಗೆ. ಘಟ್ಟದಲ್ಲಿ ನೇರ ಹಳಿ ಅನ್ನುವುದು ಎಲ್ಲಿದೆ ಹೇಳಿ? ಮಂಜು ಬಿದ್ದ ದಿನ, ಸುರಂಗದ ಒಳಗೆ ಹೊಗೆ ತುಂಬಿದಾಗ, ಉದ್ದ ಮೂತಿ ಮುಂದೆ ಇಟ್ಟುಕೊಂಡು ಹೋಗುವುದು ಹೇಗಿರುತ್ತದೆ ಅಂತ ಕ್ಯಾಬಿನಲ್ಲಿ ಕೂತವನಿಗೇ ಗೊತ್ತು.

ಇಂಜಿನ್ ತಿರುಗಿಸಲು ಎಲ್ಲ ಕಡೆ ವ್ಯವಸ್ಥೆ ಇರುವುದಿಲ್ಲ. ಅದಕ್ಕೇ ಎರಡು ಇಂಜಿನ್ ಜೋಡಿಸುವಾಗ ಆದಷ್ಟು ಬೆನ್ನಿಗೆ ಬೆನ್ನು ಕೊಟ್ಟು ಜೋಡಿಸುತ್ತಾರೆ. ಎರಡೂ ತುದಿಗೆ ಗಿಡ್ಡ ಮೂತಿ ಸಿಗುತ್ತದೆ. ನಿಮ್ಮ ಒಂದನೇ ಫೋಟೋ ನೋಡಿ, ಹಾಗೇ ಇದೆ. ಮಧ್ಯದಲ್ಲಿ ಕೇಬಲ್ ಜೋಡಿಸಿದರೆ ಮುಂದಿನ ಕ್ಯಾಬಿನಿಂದಲೇ ಎರಡನ್ನೂ ಓಡಿಸಬಹುದು.

4ಡಿಯಲ್ಲಿ ಈ ರಗಳೆ ಇಲ್ಲ. ಯಾವ ಕಡೆ ಹೋಗಬೇಕೋ ಆ ಕ್ಯಾಬಿಗೆ ಹೋಗಿ ಕೂರುವುದು.

ಸುಮ್ನೆ_ಓದುವವ
ಈಗ ಒಂದು ಪ್ರಶ್ನೆ ನನ್ನದೂ ಇರಲಿ. ಮುಂದೆ ಎರಡು, ಹಿಂದೆಯೂ ಇಂಜಿನ್ ಹಾಕಿ ಏರಿಸುತ್ತಾರಲ್ಲ, ಅಷ್ಟೊಂದು ಯಾಕೆ? 4000 ಹಾರ್ಸ್ ಪವರ್ ಸಾಲದಾ?

ಅರಸೀಕೆರೆ_ಜಂಕ್ಷನ್
ಬಂದರು ನೋಡಿ ದಾರಿಗೆ 😀

ಲೆಕ್ಕ ಮಾಡೋಣ. ಸುಬ್ರಹ್ಮಣ್ಯ ರಸ್ತೆಯಿಂದ ಸಕಲೇಶಪುರಕ್ಕೆ ಏರು 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ಅಂಥ ಏರಿನಲ್ಲಿ 1000 ಟನ್ ಗಾಡಿ ಹಿಂದಕ್ಕೆ ಜಾರದೆ ನಿಲ್ಲಲೇ 20 ಟನ್ ಎಳೆತ ಬೇಕು. ತುಂಬಿದ ಬಾಕ್ಸ್-ಎನ್ ವ್ಯಾಗನ್ ಒಂದಕ್ಕೆ ಸುಮಾರು 81 ಟನ್. ಅಂಥ 58 ವ್ಯಾಗನ್ ಅಂದರೆ 4700 ಟನ್. ಅದಕ್ಕೆ 94 ಟನ್ ಎಳೆತ. ಎರಡು ಇಂಜಿನ್ನಿನ ತೂಕವೂ ಏರಬೇಕಲ್ಲ, 126 ಟನ್ ಒಂದೊಂದು, ಅದಕ್ಕೆ ಇನ್ನು 5. ಚಕ್ರದ ತಿಕ್ಕಾಟ, ತಿರುವಿನ ತಿಕ್ಕಾಟ ಬೇರೆ.

ಡಬ್ಲ್ಯುಡಿಜಿ-4 ಹೊರಡುವಾಗ ಗರಿಷ್ಠ ಎಳೆಯುವುದು ಸುಮಾರು 54 ಟನ್. ಎರಡಕ್ಕೆ 108. ಕಾಗದದ ಮೇಲೆ ಅಂಚಿನಲ್ಲಿದೆ, ನಮ್ಮ ಮಳೆಯಲ್ಲಿ ಸಾಧ್ಯವಿಲ್ಲ. ಅದಕ್ಕೇ ಹಿಂದೆ ಬ್ಯಾಂಕರ್, ಅಂದರೆ ತಳ್ಳುವ ಇಂಜಿನ್.

ಇನ್ನೊಂದು ಕಾರಣವೂ ಇದೆ. ಎಲ್ಲವನ್ನೂ ಮುಂದಿನಿಂದಲೇ ಎಳೆದರೆ ಮೊದಲ ವ್ಯಾಗನ್ನಿನ ಕೊಂಡಿಯ ಮೇಲೆ ಅಷ್ಟೂ ಭಾರ ಬೀಳುತ್ತದೆ. ಹಿಂದಿನಿಂದ ತಳ್ಳಿದರೆ ಹಂಚಿಹೋಗುತ್ತದೆ.

ಎಂಟನೇ_ನಾಚ್
ಲೆಕ್ಕ ಚೆನ್ನಾಗಿದೆ. ಒಂದು ಸೇರಿಸುತ್ತೇನೆ. ಇಲ್ಲಿ ಹಾರ್ಸ್ ಪವರ್ ಆಟ ನಡೆಯುವುದಿಲ್ಲ, ಹಿಡಿತದ ಆಟ. ಡಬ್ಲ್ಯುಡಿಎಂ-2 ಸುಮಾರು 113 ಟನ್ ತೂಗುತ್ತದೆ, ಹೊರಡುವಾಗ 30 ಟನ್ ಎಳೆಯುತ್ತದೆ. ಡಬ್ಲ್ಯುಡಿಜಿ-3ಎ 123 ಟನ್ ತೂಗಿ 38 ಟನ್ ಎಳೆಯುತ್ತದೆ. ಡಬ್ಲ್ಯುಡಿಜಿ-4 126 ತೂಗಿ 54. ತೂಕ ಹೆಚ್ಚೇನೂ ಏರಿಲ್ಲ, ಎಳೆತ ಎಷ್ಟು ಏರಿತು ನೋಡಿ. ಮೋಟಾರ್ ಡಿಸಿಯಿಂದ ಎಸಿಗೆ ಬಂತು. ಕೆಳಗೆ ಒಂದು ರಾಡಾರ್ ಇದೆ, ಹಳಿಯ ಮೇಲೆ ನಿಜವಾದ ವೇಗ ಎಷ್ಟು ಅಂತ ಅಳೆಯುತ್ತದೆ. ಚಕ್ರ ಅದಕ್ಕಿಂತ ಎಷ್ಟು ಜಾಸ್ತಿ ತಿರುಗುತ್ತಿದೆ ಅಂತ ಕಂಪ್ಯೂಟರ್ ನೋಡಿ, ಜಾರುವ ಅಂಚಿನಲ್ಲೇ ಹಿಡಿದಿಡುತ್ತದೆ.

ಆಲ್ಕೋದಲ್ಲಿ ಆ ಕೆಲಸ ನಮ್ಮ ಕೈಯಲ್ಲಿತ್ತು. ಆಷಾಢದಲ್ಲಿ ಹಳಿ ಮೇಲೆ ಎಲೆ ಕೊಳೆತು ಅಂಟಾಗಿರುತ್ತದೆ. ಚಕ್ರ ಜಾರಿದರೆ ಆಂಪಿಯರ್ ಮುಳ್ಳು ಕುಣಿಯುತ್ತದೆ, ದೀಪ ಹತ್ತುತ್ತದೆ. ಒಂದು ನಾಚ್ ಇಳಿಸು, ಮರಳು ಬಿಡು, ಮತ್ತೆ ಮೆಲ್ಲಗೆ ಏರಿಸು. ಅವಸರ ಮಾಡಿದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಒಮ್ಮೆ ನಿಂತರೆ ಅದೇ ಜಾಗದಿಂದ ಮತ್ತೆ ಎಬ್ಬಿಸುವುದು ಇದೆಯಲ್ಲ... ಬೇಡ ಬಿಡಿ.

ಬಾಳ್ಳುಪೇಟೆ_ಗೇಟ್
ಮಗನಿಗೆ ಇದನ್ನೆಲ್ಲ ಓದಿ ಹೇಳಿದೆ. ರಾಡಾರ್ ಅಂದ ಕೂಡಲೇ ಕಣ್ಣು ಅರಳಿತು. ಎರಡನೇ ಫೋಟೋ ದೊಡ್ಡ ಸೈಜಲ್ಲಿ ಹಾಕಿದ್ದೇನೆ. ಮೂರನೇ ಅಂಕಿ ಮಾತ್ರ ಈಗಲೂ ಕಾಣುವುದಿಲ್ಲ. ಇನ್ನು ಹತ್ತಿರ ಹೋಗಿ ತೆಗೆಯಬೇಕಾ?

ಅರಸೀಕೆರೆ_ಜಂಕ್ಷನ್
ಬೇಡವೇ ಬೇಡ. ಗೇಟಿನ ಹೊರಗಿಂದ, ಇಲ್ಲಾ ಪ್ಲಾಟ್‌ಫಾರ್ಮಿನಿಂದ ತೆಗೆಯಿರಿ ಸಾಕು. ಹಳಿ ಮೇಲೆ ಹೋಗುವುದು ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅಪರಾಧ. ಎಡಕುಮೇರಿ ಕಡೆ ಹಳಿ ಮೇಲೆ ಚಾರಣ ಹೋಗುವವರಿಗೂ ಇದೇ ಮಾತು. ಸುರಂಗದೊಳಗೆ ಇರುವಾಗ ಬ್ಯಾಂಕರ್ ಇಂಜಿನ್ ಒಂದೇ ಬಂದರೂ ನಿಮಗೆ ಜಾಗ ಇರುವುದಿಲ್ಲ.

ಕಡೂರು_ಲೂಪ್‌ಲೈನ್
ಮುಂದೆ ಕರೆಂಟ್ ಇಂಜಿನ್ನೇ ಎಲ್ಲಾ ಕಡೆ ಬರುತ್ತದಲ್ವಾ? ನಮ್ಮ ಕಡೂರಿನ ಮೇನ್ ಲೈನಿನಲ್ಲಿ ಈಗ ಗೂಡ್ಸಿಗೆ ಡಬ್ಲ್ಯುಎಜಿ-9 ಜಾಸ್ತಿ. ಘಟ್ಟದಲ್ಲೂ ಕಂಬ ಎದ್ದಿವೆ. ಆಗ ಈ ಡೀಸೆಲ್ ಎಲ್ಲಾ ಗುಜರಿಗಾ?

ಅರಸೀಕೆರೆ_ಜಂಕ್ಷನ್
ಕೆಲವು ಗುಜರಿಗೆ, ಕೆಲವು ಬೇರೆ ಕಡೆಗೆ. ಒಂದು ವಿಚಿತ್ರ ಪ್ರಯೋಗವೂ ಆಯಿತು. ವಾರಾಣಸಿಯಲ್ಲಿ ಎರಡು ಡಬ್ಲ್ಯುಡಿಜಿ-3ಎ ತೆಗೆದುಕೊಂಡು, ಡೀಸೆಲ್ ಇಂಜಿನ್ ಕಿತ್ತು, ಕರೆಂಟ್ ಸಾಮಾನು ಕೂರಿಸಿ, ಜೋಡಿಸಿ 10,000 ಹಾರ್ಸ್ ಪವರಿನ ಎಲೆಕ್ಟ್ರಿಕ್ ಮಾಡಿದರು. 2019ರಲ್ಲಿ ಅದಕ್ಕೆ ಹಸಿರು ನಿಶಾನೆ ತೋರಿಸಿದ್ದು ಪ್ರಧಾನಿ. ಹೆಸರು ಡಬ್ಲ್ಯುಎಜಿಸಿ-3. ಆದರೆ ಅದು ಬೆಳೆಯಲಿಲ್ಲ. ಹೊಸದನ್ನೇ ಮಾಡುವುದು ವಾಸಿ ಅಂತ ನನಗೂ ಅನ್ನಿಸುತ್ತದೆ. ಹಳೇ ಚೌಕಟ್ಟಿಗೆ ಹೊಸ ಕೆಲಸ ಹೊರಿಸುವುದು ಯಾವತ್ತೂ ಅರ್ಧಂಬರ್ಧವೇ.

ಒಂದು ತಮಾಷೆ ಅಂದರೆ, 1000 ಡೀಸೆಲ್ ಕೊಳ್ಳುತ್ತೇವೆ ಅಂತ ಜಿಇ ಜೊತೆ ಒಪ್ಪಂದ ಆದದ್ದು 2015ರಲ್ಲಿ. 700 ಇಂಜಿನ್ 4500ರದು, 300 ಇಂಜಿನ್ 6000ದ್ದು. ಆಮೇಲೆ ಎಲ್ಲಾ ಹಳಿಗೂ ಕರೆಂಟ್ ಹಾಕುತ್ತೇವೆ ಅಂದರು. ಎರಡೂ ಒಟ್ಟಿಗೇ ನಡೆಯಿತು.

ಮಲ್ನಾಡ್_ಮೀಟರ್‌ಗೇಜ್
ಕರೆಂಟ್ ಬಂದರೆ ಸುರಂಗದಲ್ಲಿ ಹೊಗೆ ಇರುವುದಿಲ್ಲ. ಐವತ್ತೇಳು ಸುರಂಗ. ಬ್ಯಾಂಕರಿನಲ್ಲಿ ಕೂತವರ ಮೂಗಿಗೆ ಒಳ್ಳೆಯದಾಯಿತು, ಅಷ್ಟು ಸಾಕು ನನಗೆ.

ಕಾಫಿತೋಟದ_ಗೀಳು
ನನ್ನ ಕಿವಿಗೆ ಮಾತ್ರ ಕೆಲಸ ಹೋಯಿತು ಅನ್ನಿ!

ಎಂಟನೇ_ನಾಚ್
ಗೇಟ್ ಅವರ ಎರಡನೇ ಫೋಟೋ ಈಗ ನೋಡಿದೆ. ಇದು ನಂಬರ್ ಇಲ್ಲದೆ ಹೇಳಬಹುದಾದದ್ದು.

ಚಕ್ರದ ಜಾಗ ದೊಡ್ಡದು ಮಾಡಿ ನೋಡಿ. ಹಳೇ ಡಬ್ಲ್ಯುಡಿಎಂ-2 ಮತ್ತು ಅದರಿಂದ ಆದ 3ಎಯಲ್ಲಿ ಮೂರು ಚಕ್ರದ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ. ಮಧ್ಯದ ಚಕ್ರ ಒಂದು ಕಡೆಗೆ ಸರಿದಿರುತ್ತದೆ, ಸುಮ್ನೆ ನೋಡಿದರೂ ಕಾಣುತ್ತದೆ. ಎರಕ ಹೊಯ್ದ ದಪ್ಪ ಚೌಕಟ್ಟು. ಚಕ್ರದಿಂದ ಚಕ್ರಕ್ಕೆ ಒಂದು ಉದ್ದ ತೊಲೆ ಹೋಗಿರುತ್ತದೆ, ಸ್ಪ್ರಿಂಗ್ ಆ ತೊಲೆಯ ಮೇಲೆ ಕೂತಿರುತ್ತದೆ. ನಿಮ್ಮ ಫೋಟೋದಲ್ಲಿ ಆ ತೊಲೆ ಇಲ್ಲ. ಪ್ಲೇಟ್ ಬೆಸುಗೆ ಹಾಕಿ ಮಾಡಿದ ಚೌಕಟ್ಟು ಇದೆ. ಪ್ರತಿ ಚಕ್ರದ ಆಕ್ಸಲ್ ಬಾಕ್ಸ್ ಮೇಲೆ ಸ್ಪ್ರಿಂಗ್ ನೇರವಾಗಿ ನಿಂತಿದೆ. ಹಿಡಿತ ಜಾಸ್ತಿ ಸಿಗಲಿ ಅಂತ ಗೂಡ್ಸಿಗೆ ಮಾಡಿದ್ದು ಅದು. ಮೂತಿಯ ಮೂಲೆಯೂ ದುಂಡಗಿಲ್ಲ, ಕತ್ತರಿಸಿದ ಹಾಗಿದೆ.

ಡಬ್ಲ್ಯುಡಿಜಿ-3ಎ. ಮುಚ್ಚಿಹೋದ ಅಂಕಿ 5 ಅಥವಾ ಅದಕ್ಕಿಂತ ಮೇಲಿನದು.

ಕಡೂರು_ಲೂಪ್‌ಲೈನ್
ಬ್ರೈಟ್‌ನೆಸ್ ಏರಿಸಿ ನೋಡಿದೆ. ಮಣ್ಣಿನ ಒಳಗೆ 6 ಥರ ಒಂದು ಸುತ್ತು ಕಾಣುತ್ತಿದೆ. 146 ಏನೋ. ನಾಚ್ ಸರ್ ಗೆದ್ದರು.

ಬಾಳ್ಳುಪೇಟೆ_ಗೇಟ್
ಮಗ ಪುಸ್ತಕದಲ್ಲಿ ಬರೆದುಕೊಂಡಿದ್ದಾನೆ: 12 ಯುಬಿಎಲ್, ಡಬ್ಲ್ಯುಡಿಜಿ-4, ಬೆನ್ನಿಗೆ ಬೆನ್ನು. 146 ಕೆಜೆಎಂ, ಡಬ್ಲ್ಯುಡಿಜಿ-3ಎ. 70, ಡಬ್ಲ್ಯುಡಿಜಿ-4ಡಿ. ಕೊನೆಯದಕ್ಕೆ ಶೆಡ್ ಯಾವುದು ಅಂತ ಫೋಟೋದಲ್ಲಿ ಇಲ್ಲ, ಅದಕ್ಕೆ ಆ ಜಾಗ ಖಾಲಿ ಬಿಟ್ಟಿದ್ದಾನೆ. ಈಗ 49 ನಂಬರಿಂದು ನಮ್ಮ ಕಡೆ ಯಾವಾಗ ಬರುತ್ತದೆ ಅಂತ ಕೇಳುತ್ತಿದ್ದಾನೆ.

ಅರಸೀಕೆರೆ_ಜಂಕ್ಷನ್
4ಜಿ ಮನೆ ರೋಜಾ ಮತ್ತು ಗಾಂಧಿಧಾಮ್, ಉತ್ತರ ಪ್ರದೇಶ ಮತ್ತು ಗುಜರಾತ್ ಕಡೆ. ಇಲ್ಲಿಗೆ ಬರುವುದು ಅಪರೂಪ. ಯಾರಿಗಾದರೂ ಅರಸೀಕೆರೆ ಈಚೆ ಕಂಡರೆ ನಂಬರ್ ಸಮೇತ ಇಲ್ಲೇ ಹಾಕಿ, ಹುಡುಗನಿಗೆ ತೋರಿಸೋಣ.